ನಂಬೋದಿಲ್ಲ, ಆದ್ರೂ ರಾಹುಕಾಲ ನೋಡ್ತೀನಿ

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಶಕುನ, ವಾಸ್ತು, ರಾಹುಕಾಲ ಯಾವುದನ್ನೂ ನಂಬುವುದಿಲ್ಲ. ಕ್ಲಾಸಿನಲ್ಲಿ ಇವನ್ನೆಲ್ಲ ತಮಾಷೆ ಮಾಡುತ್ತೇನೆ. ಈಚೆಗೆ ನಮ್ಮ ಯಜಮಾನರಿಗೆ ಆಂಜಿಯೋಪ್ಲಾಸ್ಟಿ ಆಯಿತು. ಆಸ್ಪತ್ರೆಯವರು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಟೈಮ್ ಕೊಟ್ಟರು. ಅದು ರಾಹುಕಾಲ ಎಂದು ತಕ್ಷಣ ತಲೆಗೆ ಬಂತು. ಏನೋ ನೆಪ ಹೇಳಿ ಮಧ್ಯಾಹ್ನಕ್ಕೆ ಹಾಕಿಸಿಕೊಂಡೆ. ಇದನ್ನು ಯಾರಿಗೂ ಹೇಳಿಲ್ಲ. ನಾನು ಬೂಟಾಟಿಕೆಯವಳಾ? ಓದಿದವರಿಗೂ ಹೀಗೇಕೆ ಆಗುತ್ತದೆ? ಇನ್ನೊಂದು ವಿಷಯ. ಮಗನಿಗೆ ಹುಡುಗಿ ನೋಡುತ್ತಿದ್ದೇವೆ. ಒಂದು ಹುಡುಗಿ ಎಲ್ಲರಿಗೂ ಇಷ್ಟವಾಗಿದ್ದಾಳೆ. ಆದರೆ ಮೂಲಾ ನಕ್ಷತ್ರ, ಮಾವನಿಗೆ ಆಗಲ್ಲ ಎಂದು ನಮ್ಮ ಅತ್ತೆ ಬೇಡ ಅನ್ನುತ್ತಿದ್ದಾರೆ. ಮಾವ ಅಂದರೆ ನಮ್ಮ ಯಜಮಾನರೇ! ಈಗ ತಾನೇ ಹೃದಯದ ತೊಂದರೆ ಆಗಿರುವುದರಿಂದ ನನಗೂ ಒಳಗೊಳಗೇ ಅಳುಕು. ಏನು ಮಾಡಲಿ?

ಉತ್ತರ: ಮೇಡಂ, ಬೂಟಾಟಿಕೆ ಅನ್ನಬೇಕಾದರೆ ಒಳಗೊಂದು ನಂಬಿಕೆ ಇಟ್ಟುಕೊಂಡು ಹೊರಗೆ ಇನ್ನೊಂದು ಹೇಳಬೇಕು. ನೀವು ಮಾಡಿದ್ದು ಅದಲ್ಲ. ನೀವು ನಂಬದೆಯೇ ಮಾಡಿದಿರಿ. ಇದು ಬೂಟಾಟಿಕೆಗಿಂತ ಎಷ್ಟೋ ಸಾಮಾನ್ಯ. ಮೂಢನಂಬಿಕೆ ಅಜ್ಞಾನದಿಂದ ಹುಟ್ಟುತ್ತದೆ, ಓದಿಸಿದರೆ ಓಡಿಹೋಗುತ್ತದೆ ಎಂದು ವೇದಿಕೆಗಳ ಮೇಲೆ ಹೇಳುತ್ತಿರುತ್ತಾರೆ. ಅಷ್ಟೇ ಆಗಿದ್ದರೆ ಫಿಸಿಕ್ಸ್ ಕಲಿಸುವ ನೀವು ಈ ಪತ್ರ ಬರೆಯಬೇಕಾಗಿರಲಿಲ್ಲ.

1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಅವರ ಜೊತೆಯವರು ಒಂದು ಪ್ರಯೋಗ ಪ್ರಕಟಿಸಿದರು. ಎರಡು ಖಾಲಿ ಬಾಟಲಿ. ಬಂದವರ ಕಣ್ಣೆದುರೇ ಎರಡಕ್ಕೂ ಅಂಗಡಿಯಿಂದ ತಂದ ಸಕ್ಕರೆ ಸುರಿದರು. ಆಮೇಲೆ ಎರಡು ಚೀಟಿ ಕೊಟ್ಟರು. ಒಂದರಲ್ಲಿ ‘ಸಕ್ಕರೆ’ ಎಂದಿತ್ತು, ಇನ್ನೊಂದರಲ್ಲಿ ‘ಸೋಡಿಯಂ ಸಯನೈಡ್’ ಎಂದಿತ್ತು. ಯಾವ ಚೀಟಿ ಯಾವ ಬಾಟಲಿಗೆ ಅಂಟಿಸಬೇಕು ಎಂದು ತೀರ್ಮಾನಿಸಿದ್ದೂ ಬಂದವರೇ. ಆಮೇಲೆ ಎರಡೂ ಬಾಟಲಿಯ ಸಕ್ಕರೆಯನ್ನು ಬೇರೆ ಬೇರೆ ಲೋಟದಲ್ಲಿ ಕದಡಿ ಕುಡಿಯಲು ಕೊಟ್ಟರು. ಸಯನೈಡ್ ಚೀಟಿ ಇದ್ದ ಬಾಟಲಿಯದ್ದನ್ನು ಕುಡಿಯಲು ಜನ ಹಿಂದೆಮುಂದೆ ನೋಡಿದರು. ಅವರಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಚೀಟಿ ಅಂಟಿಸಿದ್ದೇ ಅವರ ಕೈ.

ಇದನ್ನು ಷಿಕಾಗೋ ವಿಶ್ವವಿದ್ಯಾಲಯದ ಜೇನ್ ರೈಸೆನ್ 2016ರಲ್ಲಿ ಚೆನ್ನಾಗಿ ವಿವರಿಸಿದ್ದಾರೆ. ತಪ್ಪು ಗುರುತಿಸುವುದು ಒಂದು ಕೆಲಸ, ತಿದ್ದುವುದು ಇನ್ನೊಂದು ಕೆಲಸ. ಗುರುತಿಸಿದ ಮೇಲೆ ತಿದ್ದಿಯೇ ತಿದ್ದುತ್ತೇವೆ ಎಂದು ನಾವು ಅಂದುಕೊಂಡಿರುತ್ತೇವೆ. ಹಾಗೇನಿಲ್ಲ. ‘ಇದು ಸುಳ್ಳು’ ಎಂದು ತಲೆ ಹೇಳಿದ ಮೇಲೂ ‘ಇರಲಿ ಬಿಡು, ಯಾಕೆ ಸುಮ್ನೆ’ ಎಂದು ಹಾಗೇ ಬಿಟ್ಟುಬಿಡಬಹುದು. ಆ ಶುಕ್ರವಾರ ನೀವು ಆಸ್ಪತ್ರೆಯ ಕೌಂಟರಿನಲ್ಲಿ ಮಾಡಿದ್ದು ಇಷ್ಟೇ.

ಹಾಗಾದರೆ ತಿದ್ದಲಿಲ್ಲ ಯಾಕೆ? ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿ.

ಇಸ್ರೇಲಿನಲ್ಲಿ 1996ರಲ್ಲಿ ಮಾಯಾ ಬಾರ್-ಹಿಲೆಲ್ ಮತ್ತು ಎಫ್ರಾತ್ ನೆಟರ್ ಜನರಿಗೆ ಲಾಟರಿ ಟಿಕೆಟ್ ಕೊಟ್ಟರು. ಆಮೇಲೆ, ಇದನ್ನು ವಾಪಸ್ ಕೊಟ್ಟು ಇನ್ನೊಂದು ಟಿಕೆಟ್ ತಗೊಳ್ಳಿ, ಮೇಲೆ ಒಂದಿಷ್ಟು ಬಹುಮಾನವನ್ನೂ ಕೊಡ್ತೀವಿ ಎಂದರು. ಎರಡೂ ಟಿಕೆಟ್ಟಿಗೆ ಗೆಲ್ಲುವ ಸಾಧ್ಯತೆ ಒಂದೇ. ಬದಲಾಯಿಸಿದರೆ ಲಾಭವೇ. ಆದರೂ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಲಿಲ್ಲ. ಅದೇ ಪೆನ್ ಆಗಿದ್ದಾಗ ಹೆಚ್ಚುಕಡಿಮೆ ಎಲ್ಲರೂ ಬದಲಾಯಿಸಿಕೊಂಡರು. ವಾಪಸ್ ಕೊಟ್ಟ ಟಿಕೆಟ್ಟಿಗೇ ಲಾಟರಿ ಹೊಡೆದುಬಿಟ್ಟರೆ? ಆ ಹೊಟ್ಟೆಯುರಿ ಈಗಲೇ ಕಣ್ಣಮುಂದೆ ಬರುತ್ತದೆ. ಲೆಕ್ಕ ಹಾಕುವುದು ಗೆಲ್ಲುವ ಸಾಧ್ಯತೆಯನ್ನಲ್ಲ, ಮುಂದೆ ಪಡಬೇಕಾದ ಪಶ್ಚಾತ್ತಾಪವನ್ನು.

ನಿಮ್ಮ ವಿಷಯಕ್ಕೆ ಬನ್ನಿ. ಹನ್ನೊಂದು ಗಂಟೆಗೇ ಒಪ್ಪಿಕೊಂಡು, ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ? ಮುಂದೆ ಬದುಕಿರುವಷ್ಟು ದಿನವೂ ‘ಗೊತ್ತಿದ್ದೂ ಗೊತ್ತಿದ್ದೂ ಒಪ್ಪಿಕೊಂಡೆನಲ್ಲಾ’ ಅನ್ನುವ ಮುಳ್ಳು. ಮಧ್ಯಾಹ್ನ ಅದೇ ತೊಂದರೆ ಆಗಿದ್ದರೆ ಹಣೆಬರಹ, ಡಾಕ್ಟರು, ವಯಸ್ಸು, ಹೀಗೆ ಏನಾದರೂ ಒಂದು ಕಾರಣ ಸಿಗುತ್ತಿತ್ತು. ವೈದ್ಯಕೀಯವಾಗಿ ಎರಡೂ ಹೊತ್ತಿನ ಅಪಾಯ ಒಂದೇ. ಅಳುವುದರಲ್ಲಿ ಮಾತ್ರ ವ್ಯತ್ಯಾಸ. ಜೊತೆಗೆ ನೆಂಟರಿಷ್ಟರ ಬಾಯಿ ಬೇರೆ ಇದೆ ಅಲ್ವಾ? ‘ಶುಕ್ರವಾರ ಹತ್ತೂವರೆ ಮೇಲೆ ಒಳಗೆ ಕರ್ಕೊಂಡು ಹೋದ್ರಂತೆ, ಇಷ್ಟು ಓದಿಯೂ ಅಷ್ಟು ನೋಡಬಾರದಾ’ ಎಂದು ಯಾರಾದರೂ ಅಂದೇ ಅನ್ನುತ್ತಿದ್ದರು. ಇದರ ಎದುರಿಗೆ ಎರಡು ಮೂರು ಗಂಟೆ ಕಾಯುವ ಖರ್ಚು ಏನೂ ಅಲ್ಲ. ಹಾಗಾಗಿ ನೀವು ಕಾದಿರಿ. ನನ್ನನ್ನು ಕೇಳಿದರೆ ಅದು ದಡ್ಡತನವೂ ಅಲ್ಲ. ಡಾಕ್ಟರೇ ದಿನ ಗೊತ್ತುಮಾಡುವಷ್ಟು ಸಮಾಧಾನದ ಕೇಸು ಅದು. ಎದೆನೋವು ಬಂದು ಹಾರ್ಟ್ ಅಟ್ಯಾಕ್ ಎಂದೇ ಗೊತ್ತಾಗಿದ್ದರೆ ಮಾತು ಬೇರೆ. ಅಲ್ಲಿ ನಿಮಿಷಗಳ ಲೆಕ್ಕ. ಗಡಿಯಾರ ನೋಡಬೇಕಾದ್ದು ಬೇಗ ಮುಟ್ಟಿಸಲು ಮಾತ್ರ.

ಇನ್ನೊಂದನ್ನು ಗಮನಿಸಿ. ದಿನಾ ಬೆಳಿಗ್ಗೆ ಕುಕ್ಕರ್ ಇಡುವಾಗ ನೀವು ರಾಹುಕಾಲ ನೋಡುವುದಿಲ್ಲ. ಮೂರು ಸೀಟಿ ಆದರೆ ಅನ್ನ ಆಗುತ್ತದೆ ಎಂದು ಗೊತ್ತು. ನೂರು ವರ್ಷದ ಹಿಂದೆ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮ್ಯಾಲಿನೋವ್‌ಸ್ಕಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪದವರಲ್ಲಿ ಇದನ್ನೇ ಕಂಡರು. ಒಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಯಾವ ಮಂತ್ರವೂ ಇಲ್ಲ. ದೊಡ್ಡ ಕಡಲಿಗೆ ಇಳಿಯುವಾಗ ಸಾಲು ಸಾಲು ಮಂತ್ರ. ಕೈಮೀರಿದ್ದು ಎಲ್ಲಿ ಶುರುವಾಗುತ್ತದೋ ಅಲ್ಲಿ ಇದೂ ಶುರು. ಅಮೆರಿಕದ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಚಂದ್ರನ ಯೋಜನೆಗೆಂದು ಕಳಿಸಿದ ರೇಂಜರ್ ನೌಕೆಗಳು ಸಾಲಾಗಿ ಆರು ಕೈಕೊಟ್ಟವು. 1964ರಲ್ಲಿ ಏಳನೆಯದು ಗೆದ್ದಿತು. ಆ ಹೊತ್ತಿಗೆ ಕಂಟ್ರೋಲ್ ರೂಮಿನಲ್ಲಿ ಯಾರೋ ಕಡಲೆಕಾಯಿ ಬೀಜ ಹಂಚುತ್ತಿದ್ದರು. ಅವತ್ತಿನಿಂದ ಮುಖ್ಯ ಘಟ್ಟಗಳಲ್ಲಿ ಅಲ್ಲಿ ಕಡಲೆಕಾಯಿ ಇರಲೇಬೇಕು. ಅದನ್ನು ತಿನ್ನುವವರು ಗ್ರಹದಿಂದ ಗ್ರಹಕ್ಕೆ ದಾರಿ ಲೆಕ್ಕ ಹಾಕುವ ಎಂಜಿನಿಯರುಗಳು. ನೀವೊಬ್ಬರೇ ಅಲ್ಲ ಎಂದು ಹೇಳಲು ಇಷ್ಟು ಸಾಕು.

ಇಂಥ ನಂಬಿಕೆ ಹುಟ್ಟುವುದಂತೂ ಎಷ್ಟು ಸುಲಭ ಗೊತ್ತಾ? ಜಪಾನಿನ ಕೊಯಿಚಿ ಓನೋ 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಒಂದು ಪುಟ್ಟ ಕೋಣೆ, ಒಂದು ಮೇಜು, ಮೂರು ಹಿಡಿಕೆ, ಅಂಕ ತೋರಿಸುವ ಒಂದು ಯಂತ್ರ. ಒಬ್ಬೊಬ್ಬ ವಿದ್ಯಾರ್ಥಿಯನ್ನೇ ಕೂರಿಸಿ, ಆದಷ್ಟು ಅಂಕ ಗಳಿಸಿ ಎಂದರು. ಅಸಲಿಗೆ ಅವರು ಏನು ಮಾಡಿದರೂ ಬಿಟ್ಟರೂ ಅಂಕ ತನ್ನ ಪಾಡಿಗೆ ಬೀಳುತ್ತಿತ್ತು. ಒಬ್ಬಳು ಹುಡುಗಿ ಹಿಡಿಕೆ ಎಳೆಯುತ್ತಿದ್ದವಳು ಸ್ವಲ್ಪ ಹೊತ್ತಿಗೆ ಮೇಜು ಹತ್ತಿದಳು. ಕೈಗೆ ಸಿಕ್ಕಿದ್ದನ್ನೆಲ್ಲ ಮುಟ್ಟಿದಳು. ಕೆಳಗೆ ಹಾರಿದಳು, ಅಂಕ ಬಂತು. ಕೈಯಲ್ಲಿ ಚಪ್ಪಲಿ ಹಿಡಿದು ಮೇಲೆ ಹಾರಿ ಸೂರಿಗೆ ಮುಟ್ಟಿಸಿದಳು, ಆಗಲೂ ಅಂಕ ಬಂತು. ಸರಿ, ಇನ್ನೇನು! ಸುಸ್ತಾಗಿ ಕೈಬಿಡುವ ತನಕ ಚಪ್ಪಲಿ ಹಿಡಿದು ಹಾರುತ್ತಲೇ ಇದ್ದಳು. ನಮ್ಮ ಕಡೆ ಕಾಗೆ ಕೂರೋಕೂ ಕೊಂಬೆ ಮುರಿಯೋಕೂ ಸರಿಹೋಯ್ತು ಅನ್ನುತ್ತೇವಲ್ಲ, ಅದೇ. ಆದರೆ ಆ ಮಾತು ಆಡುವುದು ಬೇರೆಯವರ ಕೊಂಬೆ ಮುರಿದಾಗ.

ಹುಟ್ಟಿದ ಮೇಲೆ ಸಾಯುವುದಿಲ್ಲ ಯಾಕೆ? ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಕೊಡುತ್ತೇನೆ, ಪತ್ರಿಕೆ ಓದುವವರಿಗೆಲ್ಲ ಗೊತ್ತಿರುವುದು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಅನ್ನುವ ಮಾತು. ಪಟ್ಟಿ ಕೇಳಿದರೆ ಎದೆ ಝಲ್ ಅನ್ನುತ್ತದೆ. ದೇವರಾಜ ಅರಸು 1980ರಲ್ಲಿ ಇಳಿದರು. ಗುಂಡೂರಾವ್ 1983ರಲ್ಲಿ, ರಾಮಕೃಷ್ಣ ಹೆಗಡೆ 1988ರಲ್ಲಿ, ಎಸ್.ಆರ್. ಬೊಮ್ಮಾಯಿ 1989ರಲ್ಲಿ, ವೀರೇಂದ್ರ ಪಾಟೀಲ 1990ರಲ್ಲಿ. ಅಷ್ಟಾದ ಮೇಲೆ ಆ ಕಡೆ ಯಾರೂ ತಲೆ ಹಾಕಲಿಲ್ಲ, ವರ್ಷಗಟ್ಟಲೆ. 2007ರಲ್ಲಿ ಕುಮಾರಸ್ವಾಮಿ ಹೋದರು. ಅದೇ ವರ್ಷ ಅಧಿಕಾರ ಹೋಯಿತು.

ಈಗ ಒಂದೊಂದನ್ನೇ ಬಿಡಿಸಿ ನೋಡಿ. ಅರಸು ಇಂದಿರಾ ಗಾಂಧಿಯವರಿಂದ ದೂರವಾಗಿದ್ದರು. 1980ರ ಲೋಕಸಭಾ ಚುನಾವಣೆಯಲ್ಲಿ ನೆಲಕಚ್ಚಿದರು, ಶಾಸಕರು ಆ ಕಡೆ ಹಾರಿದರು. ಗುಂಡೂರಾವ್ ಚುನಾವಣೆಯಲ್ಲೇ ಸೋತರು. ಹೆಗಡೆಯವರನ್ನು ಇಳಿಸಿದ್ದು ಫೋನ್ ಕದ್ದಾಲಿಕೆ ಹಗರಣ. ಬೊಮ್ಮಾಯಿ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. ಆ ಕೇಸು 1994ರಲ್ಲಿ ಸುಪ್ರೀಂ ಕೋರ್ಟಿನ ಹೆಸರಾಂತ ತೀರ್ಪೇ ಆಯಿತು. ವೀರೇಂದ್ರ ಪಾಟೀಲರಿಗೆ ಆರೋಗ್ಯ ಕೆಟ್ಟಿತ್ತು, ಹೈಕಮಾಂಡ್ ಇಳಿಸಿತು. ಕುಮಾರಸ್ವಾಮಿಯವರದ್ದು ಇಪ್ಪತ್ತು ತಿಂಗಳ ಒಪ್ಪಂದದ ಜಗಳ. ಆರಕ್ಕೆ ಆರೂ ಬೇರೆ ಬೇರೆ ಕಾರಣ. ಎಲ್ಲವೂ ಆಗಿನ ಪತ್ರಿಕೆಗಳ ಮುಖಪುಟದಲ್ಲೇ ಬಂದವು. ಆದರೆ ಆರು ಕಾರಣ ನೆನಪಿಟ್ಟುಕೊಳ್ಳುವುದು ಕಷ್ಟ, ಒಂದು ಊರಿನ ಹೆಸರು ಸುಲಭ.

ನೀವು ಕ್ಲಾಸಿನಲ್ಲಿ ಟೇಬಲ್ ಹಾಕಿ ತೋರಿಸುವವರು. ಇಲ್ಲೂ ನಾಲ್ಕು ಮನೆಯ ಒಂದು ಟೇಬಲ್ ಹಾಕಿ. ಹೋದರು, ಬಿದ್ದರು. ಹೋದರು, ಬೀಳಲಿಲ್ಲ. ಹೋಗಲಿಲ್ಲ, ಆದರೂ ಬಿದ್ದರು. ಹೋಗಲಿಲ್ಲ, ಬೀಳಲೂ ಇಲ್ಲ. ಊರವರ ಬಾಯಲ್ಲಿ ಇರುವುದು ಮೊದಲನೇ ಮನೆ ಮಾತ್ರ. ಮೂರನೆಯದನ್ನು ನೋಡಿ. ಯಡಿಯೂರಪ್ಪನವರು ಚಾಮರಾಜನಗರದ ಕಡೆ ಹೋಗದೆ ಉಳಿದದ್ದು ದೊಡ್ಡ ಸುದ್ದಿಯೇ ಆಗಿತ್ತು. ಅವರು 2011ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಹತ್ತು ವರ್ಷ ಬಿಟ್ಟು 2021ರ ಜುಲೈನಲ್ಲಿ ಮತ್ತೆ ಕೊಟ್ಟರು. ಇದನ್ನು ಯಾರೂ ‘ಚಾಮರಾಜನಗರಕ್ಕೆ ಹೋಗದ ದೋಷ’ ಅನ್ನಲಿಲ್ಲ! ಕರ್ನಾಟಕದಲ್ಲಿ ಐದು ವರ್ಷ ಪೂರ್ತಿ ಮಾಡಿದ ಮುಖ್ಯಮಂತ್ರಿಗಳೇ ಬೆರಳೆಣಿಕೆಯಷ್ಟು. ಬೀಳುವುದೇ ವಾಡಿಕೆ ಆಗಿರುವಾಗ ಅವರು ಯಾವ ಊರಿಗೆ ಹೋದರೂ ಆ ಊರಿಗೆ ಅಪವಾದ ಬರುತ್ತಿತ್ತು. ಪಾಪ, ಚಾಮರಾಜನಗರದ ಹೆಸರು ಸಿಕ್ಕಿತು.

ಎರಡನೇ ಮನೆಯನ್ನು ತುಂಬಿದ್ದು ಸಿದ್ದರಾಮಯ್ಯ. 2013ರಿಂದ 2018ರ ನಡುವೆ ಚಾಮರಾಜನಗರಕ್ಕೆ ಮತ್ತೆ ಮತ್ತೆ ಹೋದರು, ಅವಧಿಯನ್ನೂ ಪೂರ್ತಿ ಮಾಡಿದರು. 2016ರಲ್ಲಿ ಅವರ ಕಾರಿನ ಮೇಲೆ ಕಾಗೆ ಕೂತಿದ್ದನ್ನು ಟಿವಿಯವರು ಎಷ್ಟು ತೋರಿಸಿದರೆಂದು ನಿಮಗೂ ನೆನಪಿರಬಹುದು. ಕುರ್ಚಿ ಆಮೇಲೂ ಎರಡು ವರ್ಷ ಗಟ್ಟಿಯಾಗೇ ಇತ್ತು. ಇಷ್ಟಾದ ಮೇಲೆ ನಂಬಿಕೆ ಸತ್ತಿರಬೇಕಲ್ಲ? ಇಲ್ಲ. 2018ರಲ್ಲಿ ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಅವರು ಸೋತಾಗ ‘ನೋಡಿದ್ರಾ’ ಎಂದವರು ಇದ್ದರು. 2023ರಲ್ಲಿ ಅವರೇ ಮತ್ತೆ ಮುಖ್ಯಮಂತ್ರಿ ಆದಾಗ ಅದೇ ಜನ ಸುಮ್ಮನಾದರು. ಈ ತರಹದ ನಂಬಿಕೆಗೆ ಕೊನೆಯ ದಿನಾಂಕ ಅಂತ ಇರುವುದಿಲ್ಲ. ಇಷ್ಟು ದಿನದೊಳಗೆ ಆಗದಿದ್ದರೆ ಸುಳ್ಳು ಎಂದು ಯಾರೂ ಮೊದಲೇ ಬರೆದಿಡುವುದಿಲ್ಲ. ಕಾಯುತ್ತಾ ಕೂತರೆ ಎಲ್ಲ ಮುಖ್ಯಮಂತ್ರಿಗಳೂ ಒಂದಲ್ಲ ಒಂದು ದಿನ ಮಾಜಿ ಆಗಲೇಬೇಕು.

ಇದಕ್ಕಿಂತ ಗಟ್ಟಿ ಜಾತಿಯವೂ ಇವೆ. ಸರ್ಪಸುತ್ತು ಗೊತ್ತಲ್ಲ? ಸೊಂಟದ ಸುತ್ತ, ಎದೆ ಬೆನ್ನಿನ ಮೇಲೆ ಪಟ್ಟಿ ಕಟ್ಟಿದ ಹಾಗೆ ಉರಿಯುವ ಗುಳ್ಳೆ ಏಳುತ್ತವೆ. ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೇ ಅಪಾಯ, ಅದಕ್ಕೆ ಮುಂಚೆ ಕಟ್ಟುಹಾಕಿಸಬೇಕು ಎಂದು ಕೆಮ್ಮಣ್ಣು ಹಚ್ಚಿ ಮಂತ್ರ ಹಾಕುವವರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ‘ಕಟ್ಟು’ ಯಾವತ್ತೂ ಫೇಲ್ ಆಗಿಲ್ಲ. ನಿಜಕ್ಕೂ ಆಗಿಲ್ಲ! ಯಾಕೆಂದರೆ ಇದು ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್. ನರದ ಬುಡದಲ್ಲಿ ವರ್ಷಗಟ್ಟಲೆ ಅಡಗಿದ್ದು, ಆಮೇಲೆ ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಆ ನರ ಮೈಯ ಒಂದು ಕಡೆಯದ್ದು ಮಾತ್ರ. ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆ ದಾಟುವುದೇ ಇಲ್ಲ. ಅಂದಮೇಲೆ ತಲೆ ಬಾಲ ಕೂಡುವುದೆಲ್ಲಿಂದ ಬಂತು? ಎರಡು ವಾರದಿಂದ ನಾಲ್ಕು ವಾರದೊಳಗೆ ತಾನಾಗೇ ಒಣಗುತ್ತದೆ. ಮಂತ್ರ ಹಾಕಿದವರು ಆಗದೇ ಇರುವುದನ್ನು ಆಗದಂತೆ ತಡೆದರು, ಹೋಗಲಿರುವುದನ್ನು ಕಳಿಸಿಕೊಟ್ಟರು. ನೋಡಿದವರಿಗೆ ಎರಡೂ ಪವಾಡ.

ಹಾಗಂತ ಇದನ್ನು ನಿರಪಾಯ ಎಂದುಕೊಳ್ಳಬೇಡಿ. ಸರ್ಪಸುತ್ತಿಗೆ ವೈರಸ್ ತಡೆಯುವ ಮಾತ್ರೆ ಇದೆ. ಗುಳ್ಳೆ ಕಾಣಿಸಿದ 72 ಗಂಟೆಯೊಳಗೆ ಶುರು ಮಾಡಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆ ಮೂರು ದಿನ ಕೆಮ್ಮಣ್ಣಿನಲ್ಲೇ ಕಳೆದುಹೋಗುತ್ತದೆ. ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಗುಳ್ಳೆ ಹೋದ ಮೇಲೂ ತಿಂಗಳುಗಟ್ಟಲೆ ನರದ ನೋವು ಉಳಿಯುತ್ತದೆ. ಕಣ್ಣಿನ ಹತ್ತಿರ ಎದ್ದರಂತೂ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಕಾಮಾಲೆಗೆ ನಾಟಿ ಮದ್ದು ಕೊಡಿಸುವುದೂ ಇದೇ ಜಾತಿ. ಅದರಲ್ಲಿ ಹೆಚ್ಚಿನವು ತಾನಾಗೇ ವಾಸಿಯಾಗುವಂಥವು, ಹೆಸರು ಮದ್ದಿಗೆ. ತಾನಾಗೇ ವಾಸಿಯಾಗದ ಕಾಮಾಲೆ ಬಂದವರು ಆ ಮದ್ದಿನ ಗುಣಗಾನ ಮಾಡಲು ಊರಿಗೆ ಬಂದಿರುವುದಿಲ್ಲ.

ನಿಮ್ಮ ರಾಹುಕಾಲಕ್ಕೂ ಇದೇ ರಕ್ಷಣೆ ಇದೆ. ಸೂರ್ಯ ಹುಟ್ಟಿ ಮುಳುಗುವ ತನಕದ ಹೊತ್ತನ್ನು ಎಂಟು ಪಾಲು ಮಾಡಿ ಒಂದನ್ನು ರಾಹುವಿಗೆ ಕೊಟ್ಟಿದ್ದಾರೆ. ಅಂದರೆ ಹಗಲಿನಲ್ಲಿ ಎಂಟು ಅಪಘಾತ ಆದರೆ ಸರಾಸರಿ ಒಂದು ಹೇಗೂ ಅದರಲ್ಲಿ ಬೀಳುತ್ತದೆ. ಎಂಟು ಮಗು ಹುಟ್ಟಿದರೆ ಒಂದು, ಎಂಟು ಕೆಲಸ ಸಿಕ್ಕರೆ ಒಂದು. ಅಪಘಾತವಾದಾಗ ಕ್ಯಾಲೆಂಡರ್ ತಿರುಗಿಸಿ ನೋಡುತ್ತೇವೆ. ಆಫರ್ ಲೆಟರ್ ಬಂದಾಗ ಯಾರು ನೋಡುತ್ತಾರೆ? ಇನ್ನು ನೀವು ಹೊತ್ತು ಬದಲಾಯಿಸಿದಿರಲ್ಲ, ಅದರಿಂದ ಒಂದು ನಷ್ಟ ಮಾತ್ರ ಆಯಿತು. ಹನ್ನೊಂದಕ್ಕೇ ಮಾಡಿಸಿದ್ದರೂ ನಿಮ್ಮವರು ಹೀಗೇ ಚೆನ್ನಾಗಿ ಮನೆಗೆ ಬರುತ್ತಿದ್ದರು ಎಂದು ಕಣ್ಣಾರೆ ನೋಡುವ ಅವಕಾಶ ತಪ್ಪಿತು. ಹೆದರಿಕೆಯ ವಿಷಯದಲ್ಲಿ ನಾವು ದಿನಾ ನೋಡುವುದು ಇದನ್ನೇ. ತಪ್ಪಿಸಿಕೊಂಡಷ್ಟೂ ಹೆದರಿಕೆ ಬೆಳೆಯುತ್ತದೆ. ಮುಂದಿನ ಸಲ ಚಿಕ್ಕ ಕೆಲಸಗಳಿಂದ ಶುರು ಮಾಡಿ. ಬ್ಯಾಂಕಿಗೆ ಹೋಗುವುದು, ಹೊಸ ಮಿಕ್ಸಿ ತರುವುದು, ಇಂಥವನ್ನು ಬೇಕೆಂದೇ ರಾಹುಕಾಲದಲ್ಲಿ ಮಾಡಿ. ಮೊದಲು ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಆಗಲಿ. ನಾಲ್ಕೈದು ಸಲಕ್ಕೆ ಅದು ಕಡಿಮೆಯಾಗುತ್ತದೆ. ತರ್ಕದಿಂದ ಹೋಗದ ಅಳುಕು ರೂಢಿಯಿಂದ ಹೋಗುತ್ತದೆ. ದಿನಕ್ಕೆ ಗಂಟೆಗಟ್ಟಲೆ ಇಂಥದ್ದರಲ್ಲೇ ಕಳೆದು, ಮಾಡದಿದ್ದರೆ ಇರಲಾಗದು ಅನ್ನುವ ಸ್ಥಿತಿ ಬಂದರೆ ಅದು ಗೀಳು ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ನಿಮ್ಮದು ಅದಲ್ಲ.

ಈಗ ಮೂಲಾ ನಕ್ಷತ್ರದ ಹುಡುಗಿ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಯೋಚನೆ ಹತ್ತಿಸಿದ್ದು ಇದು. ರಾಹುಕಾಲದಲ್ಲಿ ಖರ್ಚು ನಿಮ್ಮದೇ ಆಗಿತ್ತು. ಇಲ್ಲಿ ಖರ್ಚು ಕೊಡುವವಳು ಆ ಹುಡುಗಿ, ಪಶ್ಚಾತ್ತಾಪದಿಂದ ತಪ್ಪಿಸಿಕೊಳ್ಳುವವರು ನೀವು. ಆಯುಧಪೂಜೆ ದಿನ ನಮ್ಮ ಗಾಡಿಗೆ ಏನೂ ಆಗದಿರಲಿ ಎಂದು ನಡುರಸ್ತೆಯಲ್ಲಿ ಬೂದುಗುಂಬಳಕಾಯಿ ಒಡೆಯುತ್ತಾರಲ್ಲ, ಅದರ ಮೇಲೆ ಜಾರಿ ಬೀಳುವುದು ಇನ್ಯಾರದೋ ಸ್ಕೂಟರ್.

ಲೆಕ್ಕ ಸುಲಭ. ನಕ್ಷತ್ರ ಇಪ್ಪತ್ತೇಳು. ಚಂದ್ರ ಸುಮಾರು ಇಪ್ಪತ್ತೇಳು ದಿನದಲ್ಲಿ ಎಲ್ಲವನ್ನೂ ಸುತ್ತಿ ಬರುತ್ತಾನೆ. ಹಾಗಾಗಿ ಹೆಚ್ಚುಕಡಿಮೆ ಇಪ್ಪತ್ತೇಳು ಹುಡುಗಿಯರಲ್ಲಿ ಒಬ್ಬಳದ್ದು ಮೂಲಾ. ಮಗನಿಗೆ ಮದುವೆ ಮಾಡುವ ಹೊತ್ತಿಗೆ ಅಪ್ಪಂದಿರು ಐವತ್ತೈದು, ಅರವತ್ತು ದಾಟಿರುತ್ತಾರೆ. ಬಿಪಿ, ಶುಗರ್, ಹಾರ್ಟು ಕೈಕೊಡುವ ವಯಸ್ಸೇ ಅದು. ದೊಡ್ಡ ಬಳಗದಲ್ಲಿ ಸೊಸೆ ಬಂದು ಎರಡು ಮೂರು ವರ್ಷದಲ್ಲಿ ಮಾವ ತೀರಿಕೊಂಡ ಮನೆ ಒಂದಾದರೂ ಇದ್ದೇ ಇರುತ್ತದೆ. ಸೊಸೆಯದ್ದು ರೋಹಿಣಿ ಆಗಿದ್ದರೆ ‘ಹಾರ್ಟ್ ಅಟ್ಯಾಕ್ ಅಂತೆ’. ಮೂಲಾ ಆಗಿದ್ದರೆ ‘ಹೇಳಿರಲಿಲ್ವಾ’. ಇಲ್ಲೂ ಮೊದಲನೇ ಮನೆ ಮಾತ್ರ ತುಂಬುತ್ತಿದೆ. ಕುಜದೋಷದ ಕಥೆಯೂ ಅಷ್ಟೇ. ಜಾತಕದ ಹನ್ನೆರಡು ಮನೆಯಲ್ಲಿ 2, 4, 7, 8, 12ರಲ್ಲಿ ಕುಜ ಇದ್ದರೆ ದೋಷ ಅನ್ನುತ್ತಾರೆ. ಹನ್ನೆರಡಕ್ಕೆ ಐದು! ಅಷ್ಟಕ್ಕೂ ವಿನಾಯಿತಿಗಳು ಬೇರೆ ಇಲ್ಲದಿದ್ದರೆ ನಮ್ಮಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮದುವೆಯೇ ಆಗುತ್ತಿರಲಿಲ್ಲ.

ಜಾತಕವನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಮತ್ತು ಅವರ ಜೊತೆಯವರು 2008ರಲ್ಲಿ ಪುಣೆಯಲ್ಲಿ ಚುರುಕು ಮಕ್ಕಳ ಮತ್ತು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಕಲೆಸಿ, ಯಾವುದು ಯಾರದ್ದು ಹೇಳಿ ಎಂದು ಜ್ಯೋತಿಷಿಗಳಿಗೆ ಕೊಟ್ಟರು. 27 ಜ್ಯೋತಿಷಿಗಳು ಉತ್ತರ ಕಳಿಸಿದರು. ನಾಣ್ಯ ಚಿಮ್ಮಿ ಹೇಳಿದ್ದರೆ ಅರ್ಧ ಸರಿಯಾಗುತ್ತಿತ್ತು. ಅವರ ಸರಾಸರಿ ಅಷ್ಟೂ ಮುಟ್ಟಲಿಲ್ಲ.

ಇದನ್ನೆಲ್ಲ ನಿಮ್ಮ ಅತ್ತೆಯವರ ಮುಂದೆ ಬಿಚ್ಚಿಡಬೇಡಿ. ಕೆಲಸ ಮಾಡುವುದಿಲ್ಲ. ಅವರು ಹೆದರುತ್ತಿರುವುದು ಮಗನ ಜೀವಕ್ಕೆ. ತೀರಾ ಈಚೆಗೆ ಮಗನನ್ನು ಸ್ಟ್ರೆಚರ್ ಮೇಲೆ ನೋಡಿದ ತಾಯಿ ಅವರು. ಆ ಹೆದರಿಕೆ ಹೊರಬರಲು ಒಂದು ದಾರಿ ಹುಡುಕುತ್ತಿತ್ತು, ಮೂಲಾ ಸಿಕ್ಕಿತು. ಈ ಹುಡುಗಿ ಬೇಡ ಅಂದರೆ ಮುಂದಿನವಳಲ್ಲಿ ಇನ್ನೇನಾದರೂ ಸಿಗುತ್ತದೆ. ಆ ಭಯಕ್ಕೆ ಮಾಡಲು ಒಂದು ಕೆಲಸ ಕೊಡಿ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ಡಾಕ್ಟರ್ ಹೇಳದೆ ಒಂದು ದಿನವೂ ಬಿಡುವಂತಿಲ್ಲ. ಆ ಡಬ್ಬಿಯ ಜವಾಬ್ದಾರಿ ಅತ್ತೆಯವರಿಗೇ ಇರಲಿ. ಉಪ್ಪಿನಕಾಯಿ ಎಷ್ಟು, ಬೆಳಿಗ್ಗೆ ವಾಕಿಂಗ್ ಹೋದರಾ, ಸಿಗರೇಟು ಗಿಗರೇಟು ಇದ್ದರೆ ಅದು ನಿಂತಿತಾ, ಎಲ್ಲ ಅವರೇ ಕೇಳಲಿ. ಮಗನ ಆಯುಸ್ಸು ನಿಜವಾಗಿ ನಿಂತಿರುವುದು ಇವುಗಳ ಮೇಲೆ. ಮುಂದಿನ ಚೆಕಪ್ಪಿಗೆ ಅವರನ್ನೂ ಕರೆದುಕೊಂಡು ಹೋಗಿ. ಮಗನ ಹೃದಯ ಈಗ ಹೇಗಿದೆ ಎಂದು ಡಾಕ್ಟರ ಬಾಯಿಂದಲೇ ಕೇಳಲಿ. ನೀವು ಹೇಳಿದರೆ ಸೊಸೆಯ ಮಾತಾಗುತ್ತದೆ.

ಮದುವೆಯ ಮಾತನ್ನು ಎತ್ತಬೇಕಾದವರು ನಿಮ್ಮ ಯಜಮಾನರು. ಜೀವ ಅವರದ್ದು, ತಾಯಿಯೂ ಅವರದ್ದು. ‘ಅಮ್ಮಾ, ನನಗೆ ಹೆದರಿಕೆ ಇಲ್ಲ, ಈ ಹುಡುಗಿ ನಮ್ಮನೆಗೆ ಬರಲಿ’ ಎಂದು ಅವರೇ ಹೇಳಿದರೆ ಅರ್ಧ ಮುಗಿದಂತೆ. ಅದಕ್ಕೆ ಮುಂಚೆ ಶುಕ್ರವಾರದ ವಿಷಯ ಅವರಿಗೆ ಹೇಳಿಬಿಡಿ. ನಕ್ಕುಬಿಡುತ್ತಾರೆ. ನಗದಿದ್ದರೂ ನಿಮಗೆ ಹಗುರವಾಗುತ್ತದೆ.

ಒಂದನ್ನು ಮಾತ್ರ ಈಗಲೇ, ಎಲ್ಲರೂ ಸಮಾಧಾನವಾಗಿರುವಾಗಲೇ, ಗಟ್ಟಿ ಮಾಡಿಕೊಳ್ಳಿ. ನಿಮ್ಮ ಯಜಮಾನರಿಗೆ ಒಮ್ಮೆ ಹೃದಯದ ತೊಂದರೆ ಆಗಿದೆ. ಮುಂದೆ ಯಾವತ್ತಾದರೂ ಇನ್ನೊಮ್ಮೆ ಆಸ್ಪತ್ರೆ ಮೆಟ್ಟಿಲು ಹತ್ತಬೇಕಾಗಿ ಬರಬಹುದು, ಮನೆಗೆ ಯಾವ ನಕ್ಷತ್ರದ ಸೊಸೆ ಬಂದರೂ. ಆ ದಿನ ಬೆರಳು ಆ ಹುಡುಗಿಯ ಕಡೆ ತಿರುಗಿದರೆ ತಡೆಯುವವರು ಯಾರು? ನೀವು ತಡೆಯುತ್ತೀರಿ ಅನ್ನುವುದಾದರೆ ಮುಂದುವರಿಯಿರಿ. ನಿಮ್ಮೊಳಗೇ ‘ಅತ್ತೆ ಹೇಳಿದ್ದರು’ ಅನ್ನುವುದು ಎದ್ದು ಕೂರುತ್ತದೆ ಅನಿಸಿದರೆ ಮೊದಲು ನಿಮ್ಮ ಅಳುಕಿನ ಬಗ್ಗೆ ಮಾತಾಡಿಕೊಳ್ಳಿ, ಆಮೇಲೆ ಮದುವೆ.

ಅತ್ತೆಯವರ ಸಮಾಧಾನಕ್ಕೆ ಒಂದು ಶಾಂತಿ ಮಾಡಿಸೋಣ ಎಂದು ಮನೆಯಲ್ಲಿ ಮಾತು ಬಂದರೆ ನನ್ನ ಆಕ್ಷೇಪ ಇಲ್ಲ. ಆದರೆ ಅದು ನಿಮ್ಮ ಯಜಮಾನರ ಆರೋಗ್ಯಕ್ಕೆ ಎಂದು ನಿಮ್ಮ ಮನೆಯಲ್ಲಿ, ನಿಮ್ಮ ಖರ್ಚಿನಲ್ಲಿ ಆಗಲಿ. ಹುಡುಗಿಯ ಹೆಸರಿನಲ್ಲಿ ಬೇಡ, ಅವಳ ಅಪ್ಪ ಅಮ್ಮನ ಕೈಲಿ ಮಾಡಿಸುವುದಂತೂ ಬೇಡವೇ ಬೇಡ.